ಅಸೀನೆಯ ಬಂಡೆ ಮತ್ತು ಮಂಗಳವಾರದ ಸಂಜೆಗಳು

ಸ್ವೀಡನ್ನಿನ ಲಿಂಕೋಪಿಂಗ್‌ಗೆ ಹೋದ ಮೊದಲ ವರ್ಷ ನನ್ನನ್ನು ಕಾಡಿದ್ದು ಚಳಿಯಲ್ಲ, ಸಮುದ್ರ ಇಲ್ಲದ್ದು. ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಹತ್ತಿರ. ಅಡುಗೆಮನೆಯ ಹಿಂಬಾಗಿಲು ತೆಗೆದರೆ ಕಡಲಿನ ಸದ್ದು. ಅಂಥ ಒಂದು ಸದ್ದನ್ನು ದಿನಾ ಕೇಳುತ್ತಿದ್ದೆ ಅಂತ ನನಗೆ ಗೊತ್ತಾದದ್ದೇ ಅದು ಕೇಳಿಸದ ಊರಿಗೆ ಬಂದಮೇಲೆ. ಲಿಂಕೋಪಿಂಗ್‌ನಲ್ಲಿ ಎಲ್ಲ ಚೆನ್ನಾಗಿತ್ತು. ಸೈಕಲ್ಲಿಗೆ ಬೇರೆ ದಾರಿ, ಹೊತ್ತಿಗೆ ಸರಿಯಾಗಿ ಬರುವ ಬಸ್ಸು, ಮನೆಯ ಮುಂದೆ ಬರ್ಚ್ ಮರಗಳು. ಆದರೆ ಗಾಳಿಗೆ ಉಪ್ಪಿರಲಿಲ್ಲ.

ನನ್ನ ಗಂಡ ಅಲ್ಲಿನ ವಿಮಾನ ಕಂಪನಿಯೊಂದರಲ್ಲಿ ಎಂಜಿನಿಯರ್. ಅವರ ಮೂಲವೂ ನಮ್ಮ ಕಡೆಯೇ ಆದರೂ ಬೆಳೆದದ್ದೆಲ್ಲ ಬೆಂಗಳೂರಿನಲ್ಲಿ. ನಾನು ಫಾರ್ಮಸಿ ಓದಿದವಳು. ಸ್ವೀಡಿಷ್ ಬಾರದೆ ನನ್ನ ಓದಿಗೆ ಅಲ್ಲಿ ಬೆಲೆಯಿರಲಿಲ್ಲ. ಮಗಳಿಗೆ ಆಗ ನಾಲ್ಕು ವರ್ಷ. ಬೆಳಿಗ್ಗೆ ಅವಳನ್ನು ಡಾಗಿಸ್‌ಗೆ, ಅಂದರೆ ಅಲ್ಲಿನ ಶಿಶುವಿಹಾರಕ್ಕೆ ಬಿಟ್ಟು, ನಾನು ವಲಸಿಗರ ಸ್ವೀಡಿಷ್ ತರಗತಿಗೆ ಹೋಗುತ್ತಿದ್ದೆ. ಚಳಿಗಾಲ ಮುಗಿಯುವಷ್ಟರಲ್ಲಿ ಮಗಳು ನನಗಿಂತ ಚೆನ್ನಾಗಿ ಸ್ವೀಡಿಷ್ ಮಾತಾಡಲು ಶುರುಮಾಡಿದಳು. ಅಷ್ಟೇ ಆಗಿದ್ದರೆ ಸಂತೋಷವೇ. ಆದರೆ ಅವಳು ಕನ್ನಡ ಬಿಟ್ಟೇಬಿಟ್ಟಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಸ್ವೀಡಿಷ್‌ನಲ್ಲಿ.

ನನ್ನ ಕನ್ನಡವೂ ಆಗ ಸ್ವಲ್ಪ ಮುದುಡಿಕೊಂಡಿತ್ತು. ಮೊದಲ ದೀಪಾವಳಿಗೆ ಊರಿನ ಕನ್ನಡದವರೆಲ್ಲ ಒಂದು ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಸೇರಿದ್ದೆವು. ಅನ್ನ ಸಾರು ಬಡಿಸಲು ತಯಾರಾದಾಗ ನಾನು ಬಾಗಿಲಲ್ಲಿ ನಿಂತು, “ಎಲ್ಲರೂ ಉಂಬುಕ್ ಬನಿ” ಅಂತ ಕರೆದೆ. ನಮ್ಮ ಮನೆಯಲ್ಲಿ ಊಟಕ್ಕೆ ಕರೆಯುವುದೇ ಹಾಗೆ. ಹಾಲ್ ತುಂಬ ನಗು. ಕೆಟ್ಟ ನಗುವಲ್ಲ, ಆದರೂ ನಗು. ಬೆಂಗಳೂರಿನ ಒಬ್ಬರು, “ಎಷ್ಟು ಸ್ವೀಟಾಗಿದೆ ರೀ, ಇನ್ನೊಂದ್ಸಲ ಹೇಳಿ” ಅಂದರು. ನಾನೂ ನಕ್ಕು ಇನ್ನೊಂದು ಸಲ ಹೇಳಿದೆ. ಆಮೇಲಿನಿಂದ “ಊಟಕ್ಕೆ ಬನ್ನಿ” ಅನ್ನುವುದನ್ನು ರೂಢಿ ಮಾಡಿಕೊಂಡೆ.

ಸ್ವೀಡಿಷ್ ಹೇಳಿಕೊಡುತ್ತಿದ್ದವರು ಒಂದು ದಿನ, “ತರಗತಿಯಲ್ಲಿ ಕೂತರೆ ಭಾಷೆ ಬರುವುದಿಲ್ಲ. ಜನರ ಮಧ್ಯೆ ಹೋಗಿ ಕೂತುಕೊಳ್ಳಿ” ಅಂದರು. ಸ್ವೀಡನ್ನಿನಲ್ಲಿ ಸಂಜೆ ಹೊತ್ತು ಒಂದಷ್ಟು ಜನ ಸೇರಿ ಏನಾದರೊಂದು ವಿಷಯ ಕಲಿಯುವ ಪದ್ಧತಿಯಿದೆ. ಹೆಣಿಗೆ, ಅಣಬೆ, ಗಿಟಾರು, ಏನೂ ಆಗಬಹುದು. ಲೈಬ್ರರಿಯ ಗೋಡೆಯ ಮೇಲೆ ಅಂಥ ಕೂಟಗಳ ಭಿತ್ತಿಪತ್ರಗಳಿದ್ದವು. ಒಂದರ ಮೇಲೆ ನೀಲಿ ಸಮುದ್ರ, ಸಮುದ್ರಕ್ಕೆ ಮೂಗು ಚಾಚಿದ ಒಂದು ಬಂಡೆ. ಬರೆದದ್ದರಲ್ಲಿ ನನಗೆ ಅರ್ಥವಾದದ್ದು ಎರಡೇ ಪದ: ಸಮುದ್ರ, ಪಟ್ಟಣ. ಸ್ವೀಡನ್ನಿನ ಯಾವುದೋ ಕರಾವಳಿ ಊರಿನ ಬಗ್ಗೆ ಇರಬೇಕು, ಮುಂದೆ ನೋಡಲಾದರೂ ಹೋಗಬಹುದು ಅಂದುಕೊಂಡು ಹೆಸರು ಬರೆಸಿದೆ. ಅದು ಎರಡು ಸಾವಿರದ ಮೂರನೆಯ ಇಸವಿಯ ಶರತ್ಕಾಲ.

ಮಂಗಳವಾರ ಸಂಜೆ ಹೋಗಿ ನೋಡಿದರೆ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಐದಾರು ಜನ ವಯಸ್ಸಾದವರು, ಒಂದು ಫ್ಲಾಸ್ಕು ಕಾಫಿ, ದಾಲ್ಚಿನ್ನಿ ಬನ್ನು. ಬೋರ್ಡಿನ ಪಕ್ಕ ಎತ್ತರದ, ಬಿಳಿ ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡ ಹೆಂಗಸು. ಹೈಸ್ಕೂಲಿನಲ್ಲಿ ಲ್ಯಾಟಿನ್ ಪಾಠ ಮಾಡಿ ನಿವೃತ್ತರಾದವರು. ಎಲ್ಲರೂ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು, ಅಲ್ಲಿ ಹಾಗೇ. ತಾಯಿಯ ವಯಸ್ಸಿನವರನ್ನು ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರಲಿಲ್ಲ. “ಟೀಚರ್” ಅಂದೆ. ಅವರು ಹುಬ್ಬೇರಿಸಿ, “ನಲವತ್ತು ವರ್ಷ ಮಕ್ಕಳು ಯಾರೂ ಹಾಗೆ ಕರೆಯಲಿಲ್ಲ, ಈಗ ಕೇಳುವ ಯೋಗ” ಅಂದು ನಕ್ಕರು. ಕೊನೆಯವರೆಗೂ ನನಗೆ ಅವರು ಟೀಚರೇ.

ಅವತ್ತು ಅವರು ಬೋರ್ಡಿನ ಮೇಲೆ ಬರೆದ ನಕ್ಷೆ ಸ್ವೀಡನ್ನಿನದಾಗಿರಲಿಲ್ಲ. ಗ್ರೀಸ್ ದೇಶದ್ದು. ಊರಿನ ಹೆಸರು ಅಸೀನೆ. ಎರಡು ಮೂರು ಸಾವಿರ ವರ್ಷ ಹಿಂದಿನ, ಈಗ ಬಂಡೆ ಮಾತ್ರ ಉಳಿದಿರುವ ಸಣ್ಣ ಪಟ್ಟಣ. ನಾನು ಎದ್ದು ಹೋಗಬೇಕು ಅಂದುಕೊಂಡೆ. ಆದರೆ ಆಗಲೇ ಯಾರೋ ನನ್ನ ಮುಂದೆ ಕಾಫಿ ಇಟ್ಟಾಗಿತ್ತು.

ಪಾಠದಲ್ಲಿ ಕಾಲು ಭಾಗ ನನಗೆ ಅರ್ಥವಾಗಿರಬಹುದು. ಟೀಚರಿಗೆ ಅದು ಗೊತ್ತಾಯಿತು. ಬಸ್ ಸ್ಟಾಪಿನವರೆಗೆ ಜೊತೆಗೇ ನಡೆದು ಬಂದು, ಮಕ್ಕಳಿಗೆ ಹೇಳುವಂತೆ ಸಣ್ಣ ಸಣ್ಣ ವಾಕ್ಯಗಳಲ್ಲಿ ಎಲ್ಲವನ್ನೂ ಮತ್ತೆ ಹೇಳಿದರು. ಆ ಊರು ಯಾವತ್ತೂ ದೊಡ್ಡದಾಗಿರಲಿಲ್ಲವಂತೆ. ಗ್ರೀಕರ ಹಳೆಯ ಮಹಾಕಾವ್ಯದಲ್ಲಿ, ಟ್ರಾಯ್ ಯುದ್ಧಕ್ಕೆ ಹಡಗು ಕಳಿಸಿದ ಊರುಗಳ ಸಾಲಿನಲ್ಲಿ ಅದರ ಹೆಸರು ಒಮ್ಮೆ ಬಂದು ಹೋಗುತ್ತದೆ, ಅಷ್ಟೆ. “ದೊಡ್ಡ ಊರುಗಳ ಕಥೆ ಎಲ್ಲರೂ ಹೇಳ್ತಾರೆ. ನನಗೆ ಈ ಒಮ್ಮೆ ಹೆಸರು ಬಂದ ಊರೇ ಇಷ್ಟ” ಅಂದರು. ಬಸ್ಸು ಬಂತು. ಮುಂದಿನ ಮಂಗಳವಾರವೂ ಹೋದೆ.

ಹಾಗೆ ಬಸ್ ಸ್ಟಾಪಿನ ಪಾಠ ಶನಿವಾರದ ಫಿಕಾಕ್ಕೆ ತಿರುಗಿತು. ಕಾಫಿ ಕುಡಿಯುತ್ತ ಕೂತು ಹರಟುವುದಕ್ಕೆ ಅವರು ಫಿಕಾ ಅನ್ನುತ್ತಾರೆ. ಅದಿಲ್ಲದೆ ಆ ದೇಶದಲ್ಲಿ ಒಂದು ದಿನವೂ ಸಾಗುವುದಿಲ್ಲ. ಟೀಚರ್ ಒಬ್ಬರೇ ಇದ್ದರು, ಮದುವೆಯಾಗಿರಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಜೆರೇನಿಯಂ ಗಿಡಗಳು. ಅಲ್ಲಿ ಕೂತು ಅವರು ತಮ್ಮ ಕಥೆ ಹೇಳಿದರು. ಅಸೀನೆಯನ್ನು ಮೊದಲು ಅಗೆದದ್ದೇ ಸ್ವೀಡನ್ನಿನವರಂತೆ, ಟೀಚರ್ ಹುಟ್ಟುವುದಕ್ಕೂ ಮುಂಚೆ. ಎಪ್ಪತ್ತರ ದಶಕದಲ್ಲಿ ಮತ್ತೆ ಅಗೆತ ನಡೆದಾಗ, ಶಾಲೆಗೆ ರಜೆ ಹಾಕಿ ಇವರೂ ಹೋಗಿದ್ದರು.

“ನನ್ನ ಕೆಲಸ ಏನು ಗೊತ್ತಾ? ಮಡಕೆ ಚೂರು ತೊಳೆಯೋದು” ಅಂದರು. “ಬಕೆಟಿನಲ್ಲಿ ನೀರು, ಹಲ್ಲುಜ್ಜುವ ಬ್ರಶ್ಶು. ತೊಳೆದು ಅಂಗಳದಲ್ಲಿ ಒಣಗಿಸೋದು. ನಾನಿದ್ದ ಮನೆಯಲ್ಲಿ ಒಬ್ಬ ಹುಡುಗಿ ಇದ್ದಳು, ನನಗಿಂತ ಹತ್ತು ವರ್ಷ ಚಿಕ್ಕವಳು. ದಿನಾ ಬಂದು ಪಕ್ಕದಲ್ಲಿ ಕೂತು ತೊಳೀತಿದ್ದಳು. ಅವಳಿಗೆ ಗ್ರೀಕ್ ಬಿಟ್ಟು ಬೇರೆ ಬರೋಲ್ಲ. ನನಗೆ ಬರುತ್ತಿದ್ದ ಗ್ರೀಕ್ ಎರಡು ಸಾವಿರ ವರ್ಷ ಹಳೇದು. ನಾನು ಬಾಯಿ ತೆರೆದರೆ ಸಾಕು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.”

“ಆಮೇಲೆ ಅವರನ್ನ ನೋಡಿದಿರಾ?”

“ಇಲ್ಲ. ಒಂದೆರಡು ಕ್ರಿಸ್‌ಮಸ್ ಕಾರ್ಡು. ಆಮೇಲೆ ಅವಳ ಮದುವೆಯಾಯಿತು, ಇಲ್ಲಿ ನನ್ನ ತಾಯಿಗೆ ಕಾಯಿಲೆ ಬಂತು.” ಅವರು ಎದ್ದು ಕಾಫಿ ಸುರಿದರು. ಆ ಮಾತು ಅವತ್ತಿಗೆ ಅಲ್ಲಿಗೇ ನಿಂತಿತು.

ನಮ್ಮ ಕೂಟದಲ್ಲಿ ಪ್ರತಿಯೊಬ್ಬರೂ ಒಂದು ಸಂಜೆ ಮಾತಾಡಬೇಕಿತ್ತು. ನನಗೆ ಟೀಚರ್ ಕೊಟ್ಟದ್ದು ಅಸೀನೆಯ ಜನ ಊರು ಬಿಟ್ಟ ಪ್ರಸಂಗ. ಅದನ್ನು ಸರಳವಾಗಿ ಬರೆದುಕೊಟ್ಟರು. ಮನೆಯಲ್ಲಿ ನಾನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದೆ, ಮಗಳು ಸೋಫಾದ ಮೇಲೆ ಕೂತು ನನ್ನ ಉಚ್ಚಾರ ತಿದ್ದುತ್ತಿದ್ದಳು. ಕಥೆ ಇಷ್ಟು: ಅಸೀನೆಯ ಪಕ್ಕದಲ್ಲೇ ಆರ್ಗೋಸ್ ಅನ್ನುವ ದೊಡ್ಡ ಪಟ್ಟಣ. ಸ್ಪಾರ್ಟಾದವರು ಅದರ ಮೇಲೆ ದಂಡೆತ್ತಿ ಬಂದಾಗ ಅಸೀನೆಯವರು ಸ್ಪಾರ್ಟಾದ ಜೊತೆ ಸೇರಿಕೊಂಡರು. ಸ್ಪಾರ್ಟಾದ ಸೈನ್ಯ ಮನೆಗೆ ಹೋಯಿತು. ಆರ್ಗೋಸಿನ ಸಿಟ್ಟು ಪಕ್ಕದ ಊರಿನ ಮೇಲೆ ಉಳಿಯಿತು. ಆರ್ಗೋಸಿನವರು ಬಂದು ಮುತ್ತಿಗೆ ಹಾಕಿದರು. ಕೋಟೆ ಗೋಡೆ ಇನ್ನು ನಿಲ್ಲುವುದಿಲ್ಲ ಅನ್ನಿಸಿದಾಗ ಅಸೀನೆಯವರು ಹೆಂಡಿರು ಮಕ್ಕಳನ್ನು ಹಡಗಿಗೆ ಹತ್ತಿಸಿಕೊಂಡು ಹೊರಟುಬಿಟ್ಟರು. ವೈರಿಗಳು ಊರನ್ನು ನೆಲಸಮ ಮಾಡಿದರು, ಅಪೊಲೋ ದೇವರ ಗುಡಿ ಒಂದನ್ನು ಮಾತ್ರ ಬಿಟ್ಟರು. ಸ್ಪಾರ್ಟಾದವರು ಇವರಿಗೆ ದೂರದ ಇನ್ನೊಂದು ಕರಾವಳಿಯಲ್ಲಿ ಜಾಗ ಕೊಟ್ಟರು. ಇವರು ಅಲ್ಲಿ ಹೊಸ ಊರು ಕಟ್ಟಿ ಅದಕ್ಕೂ ಅಸೀನೆ ಅಂತಲೇ ಹೆಸರಿಟ್ಟರು.

ಮಗಳು ಸ್ವೀಡಿಷ್‌ನಲ್ಲಿ ಕೇಳಿದಳು: “ಹೆಸರು ಹೇಗೆ ತಗೊಂಡು ಹೋದ್ರು? ಚೀಲದಲ್ಲಾ?”

“ಬಾಯಲ್ಲಿ ತಕಂಡ್ ಹ್ವಾದ್ರ್” ಅಂದೆ, ನಮ್ಮ ಊರಿನ ಮಾತಿನಲ್ಲಿ. ಅವಳು ಬಾಯಿ ಮುಚ್ಚಿಕೊಂಡು, ಕೆನ್ನೆ ಉಬ್ಬಿಸಿ, ಮನೆಯಿಡೀ ಓಡಾಡಿದಳು. ಬಾಯಿ ತೆರೆದರೆ ಊರು ಬಿದ್ದುಹೋಗುತ್ತದಂತೆ.

ನನ್ನ ಸಂಜೆ ಬಂತು. ಮುತ್ತಿಗೆ ಅನ್ನುವುದಕ್ಕೆ ಸ್ವೀಡಿಷ್ ಪದ ಮರೆತೇಹೋಯಿತು. ಎರಡೂ ಕೈಯನ್ನು ದುಂಡಗೆ ಮಾಡಿ ತೋರಿಸಿದೆ. ಮೂಲೆಯಲ್ಲಿ ಕೂರುತ್ತಿದ್ದ ಮುದುಕರೊಬ್ಬರು ಮೆಲ್ಲಗೆ ಆ ಪದ ಹೇಳಿಕೊಟ್ಟರು. ವಿಮಾನದ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತರಾದವರು. ಈ ಕೂಟಕ್ಕೆ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಬರೆಸಿದ್ದು ಅವರ ಹೆಂಡತಿಯಂತೆ. ಶುರುವಾಗುವ ಮುಂಚೆಯೇ ಆಕೆ ತೀರಿಕೊಂಡರು. ಇವರು ಮಾತ್ರ ಬಿಡದೆ ಬರುತ್ತಿದ್ದರು, ಮಾತಾಡುತ್ತಿದ್ದುದು ಅಪರೂಪ.

ನಾನು ಮುಗಿಸಿದ ಮೇಲೆ ಟೀಚರ್ ಹೇಳಿದರು: “ಇದು ಬರೆದಿಟ್ಟವರ ಕಥೆ. ಬರೆದದ್ದು ಎಷ್ಟೋ ನೂರು ವರ್ಷ ಆದಮೇಲೆ. ನಾವು ಅಗೆದಾಗ ಮಣ್ಣು ಸ್ವಲ್ಪ ಬೇರೆ ಹೇಳಿತು. ಊರು ಹಾಳಾದದ್ದು ನಿಜ. ಆದರೆ ಎಲ್ಲರೂ ಹೋಗಲಿಲ್ಲ. ಕೆಲವರು ಅಲ್ಲೇ ಉಳಿದಿದ್ದರು ಅಂತ ಕಾಣುತ್ತೆ.”

ಮೆಕ್ಯಾನಿಕ್ ಮುದುಕರು, “ಯಾರಾದರೂ ಉಳಿಯಲೇಬೇಕಲ್ಲ. ಆಡಿನ ಹಾಲು ಕರೆಯೋರು ಯಾರು?” ಅಂದರು. ಕೋಣೆಯಲ್ಲಿ ಎಲ್ಲರೂ ನಕ್ಕರು. ಅವರೂ ನಕ್ಕರು. ಅವರು ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಟೀಚರ್ ಇನ್ನೊಂದು ವಿಷಯ ಸೇರಿಸಿದರು. ಅಸೀನೆಯವರು ಮೂಲದಲ್ಲಿ ಅಲ್ಲಿಯವರೂ ಅಲ್ಲವಂತೆ. ಬಡಗಣ ಬೆಟ್ಟಗಳಿಂದ ಬಂದ ಡ್ರಯೋಪರು ಅನ್ನುವ ಕುಲದವರು. ಅದೇ ಕುಲದ ಬೇರೆ ಊರಿನವರು ಮುಂದೆ ಆ ಹೆಸರು ಹೇಳಿಕೊಳ್ಳಲು ನಾಚುತ್ತಿದ್ದರು. ಅಸೀನೆಯವರು ಮಾತ್ರ ಎರಡು ಸಲ ಊರು ಬಿಟ್ಟು, ನೂರಾರು ವರ್ಷ ಕಳೆದಮೇಲೂ, ನಾವು ಡ್ರಯೋಪರು ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರಂತೆ. ಹಳೆಯ ಕಾಲದ ಯಾತ್ರಿಕನೊಬ್ಬ ಹಾಗೆ ಬರೆದಿದ್ದಾನೆ ಅಂದರು.

ಮನೆಗೆ ಹೋಗುವ ಬಸ್ಸಿನಲ್ಲಿ ನನಗೆ ನಮ್ಮ ದೀಪಾವಳಿಯ ನೆನಪಾಗಿ, ಒಬ್ಬಳೇ ನಕ್ಕೆ. ಮುಂದಿನ ಯುಗಾದಿಗೆ ಅದೇ ಹಾಲ್‌ನ ಬಾಗಿಲಲ್ಲಿ ನಿಂತು, ದನಿಯೆತ್ತಿ, “ಹ್ವಾಯ್, ಎಲ್ಲರೂ ಉಂಬುಕ್ ಬನಿ!” ಅಂದೆ. ನಕ್ಕರು, ನಗಲಿ. ಆದರೆ ಊಟದ ಸಾಲಿನಲ್ಲಿ ಒಬ್ಬ ಎಂಜಿನಿಯರ್ ಹತ್ತಿರ ಬಂದರು. ಎರಡು ವರ್ಷದಿಂದ ನೋಡಿದ ಮುಖ. ಅಚ್ಚ ಬೆಂಗಳೂರಿನವರು ಅಂತ ನಾವೆಲ್ಲ ತಿಳಿದಿದ್ದೆವು. ತಟ್ಟೆ ಹಿಡಿದುಕೊಂಡು, ದನಿ ತಗ್ಗಿಸಿ, “ನಿಮ್ದ್ ಯಾವೂರ್ ಮರಾಯ್ರೆ? ನಮ್ದ್ ಬೈಂದೂರ್” ಅಂದರು. ಅವತ್ತು ಪಾಯಸ ತಣ್ಣಗಾಗುವವರೆಗೂ ನಾವು ಮಾತಾಡಿದೆವು.

ಅದೇ ವಸಂತದಲ್ಲಿ ನಮ್ಮ ಕೂಟ ಅಸೀನೆಗೆ ಹೋಗುವುದೆಂದಾಯಿತು. ನಾನು ಹೋಗಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ನನ್ನ ಗಂಡ, “ಹೋಗಿ ಬಾ. ಮಗಳನ್ನೂ ಕರ್ಕೊಂಡು ಹೋಗು, ಅವಳು ನಿಜವಾದ ಸಮುದ್ರ ನೋಡಲಿ” ಅಂದರು. ಆ ವರ್ಷ ಅಥೆನ್ಸಿನಲ್ಲಿ ಒಲಿಂಪಿಕ್ಸ್. ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದರು, ನಮ್ಮ ಬಸ್ಸು ಊರು ದಾಟುವುದೇ ಕಷ್ಟವಾಯಿತು. ಆಮೇಲೆ ಕಿತ್ತಳೆ ತೋಟಗಳು ಬಂದವು. ಕಿಟಕಿಯಿಂದ ಹೂವಿನ ವಾಸನೆ, ಅದರ ಹಿಂದೆಯೇ ಉಪ್ಪಿನ ವಾಸನೆ. ನಾನು ಕಿಟಕಿಗೆ ಮುಖ ಇಟ್ಟು ಕೂತಿದ್ದೆ. ಮಗಳು, “ಅಮ್ಮ ಅಳ್ತಿದ್ದಾಳೆ” ಅಂತ ಸ್ವೀಡಿಷ್‌ನಲ್ಲಿ ಇಡೀ ಬಸ್ಸಿಗೆ ಸಾರಿದಳು.

ಅಸೀನೆಯ ಬಂಡೆಯ ಪಕ್ಕದಲ್ಲಿರುವ ಮೀನುಗಾರರ ಹಳ್ಳಿ ಟೋಲೊ. ಅಲ್ಲಿನ ಜನರೂ ಹೊರಗಿನಿಂದ ಬಂದವರೇ. ನೂರೈವತ್ತು ವರ್ಷಕ್ಕೂ ಹಿಂದೆ ಕ್ರೀಟ್ ದ್ವೀಪದಿಂದ ಆಶ್ರಯ ಬೇಡಿ ಬಂದವರ ಮಕ್ಕಳು ಮೊಮ್ಮಕ್ಕಳು. ಟೀಚರ್ ಇಳಿದದ್ದೇ ತಾವು ಹಿಂದೆ ಉಳಿದಿದ್ದ ಮನೆ ಹುಡುಕಿದರು. ಅಂಗಳವಿದ್ದ ಆ ಮನೆ ಇರಲಿಲ್ಲ. ಅಲ್ಲಿ ಮೂರು ಮಹಡಿಯ ಸಣ್ಣ ಹೋಟೆಲಿತ್ತು, ಕೆಳಗೆ ಊಟದ ಮೇಜುಗಳು. ಟೀಚರ್ ರಸ್ತೆಯಲ್ಲೇ ನಿಂತುಬಿಟ್ಟರು. “ಹೋಗಲಿ ಬಿಡು, ಊಟ ಮಾಡೋಣ” ಅಂದರು.

ನಾವು ಕೂತೆವು. ಅಡುಗೆಮನೆಯಿಂದ ಒಬ್ಬ ದಪ್ಪನೆಯ ಹೆಂಗಸು, ಐವತ್ತು ದಾಟಿದವರು, ಏಪ್ರನ್ನಿಗೆ ಕೈಯೊರೆಸುತ್ತ ಬಂದು ಇಂಗ್ಲಿಷಿನಲ್ಲಿ ಏನು ಬೇಕು ಅಂತ ಕೇಳಿದರು. ಟೀಚರ್ ಆಕೆಯ ಮುಖವನ್ನೇ ನೋಡುತ್ತ, ಎಡಗೈಯಲ್ಲಿ ಏನನ್ನೋ ಹಿಡಿದಂತೆ ಮಾಡಿ, ಬಲಗೈಯಲ್ಲಿ ಅದನ್ನು ಬ್ರಶ್ಶಿನಿಂದ ಉಜ್ಜುವಂತೆ ತೋರಿಸಿದರು. ಆಮೇಲೆ ತಮ್ಮ ಆ ಎರಡು ಸಾವಿರ ವರ್ಷ ಹಳೆಯ ಗ್ರೀಕಿನಲ್ಲಿ ಒಂದು ವಾಕ್ಯ ಹೇಳಿದರು.

ಆ ಹೆಂಗಸು ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. ನಗುನಗುತ್ತಲೇ ಕಣ್ಣಲ್ಲಿ ನೀರು. ಟೀಚರ್ ಕುರ್ಚಿಯಿಂದ ಏಳಲು ಹೋಗಿ ಮಂಡಿ ನೋವಿಗೆ ತಡವರಿಸಿದರು. ಅಷ್ಟರಲ್ಲಿ ಆಕೆಯೇ ಬಗ್ಗಿ ಅವರನ್ನು ತಬ್ಬಿಕೊಂಡಿದ್ದರು.

ಆಮೇಲೆ ನಡೆದದ್ದು ನನಗೆ ಇವತ್ತಿಗೂ ವಿಚಿತ್ರವಾಗಿ ಕಾಣುತ್ತದೆ. ಈಗ ಇಬ್ಬರಿಗೂ ಇಂಗ್ಲಿಷ್ ಬರುತ್ತಿತ್ತು. ಏನು ಬೇಕಾದರೂ ಮಾತಾಡಬಹುದಿತ್ತು. ತಾಯಿ ತೀರಿಕೊಂಡದ್ದು, ಮಕ್ಕಳೆಷ್ಟು, ಹೋಟೆಲು ಯಾವಾಗ ಕಟ್ಟಿದ್ದು, ಎಲ್ಲ ಸ್ವಲ್ಪ ಹೊತ್ತಿಗೇ ಮುಗಿದುಹೋಯಿತು. ಮತ್ತೆ ಮಾತೇ ಹುಟ್ಟಲಿಲ್ಲ. ಇಬ್ಬರೂ ಮೇಜಿನ ಮೇಲೆ ಕೈಹಿಡಿದುಕೊಂಡು ಸಮುದ್ರ ನೋಡುತ್ತ ಕೂತರು. ಅದರಲ್ಲಿ ಯಾರಿಗೂ ಏನೂ ಕೊರತೆ ಕಂಡಂತಿರಲಿಲ್ಲ.

ಹುರಿದ ಮೀನು ಬಂತು. ನಮ್ಮ ತಾರ್ಲೆಯಂಥ ಸಣ್ಣ ಮೀನು, ಅವತ್ತು ಬೆಳಿಗ್ಗೆ ಹಿಡಿದದ್ದು. ಸ್ವೀಡನ್ನಿನಲ್ಲಿ ಮಗಳು ತಿಂದದ್ದೆಲ್ಲ ಮುಳ್ಳಿಲ್ಲದ, ಚೌಕಾಕಾರದ, ಪೆಟ್ಟಿಗೆಯ ಮೀನು. ಅವಳಿಗೆ ಮುಳ್ಳು ಬಿಡಿಸಿ ಕೊಡಲು ನಾನು ಕೈ ಚಾಚುವಷ್ಟರಲ್ಲಿ ಆ ಹೆಂಗಸೇ ಅವಳ ಪಕ್ಕ ಕೂತು, ಮೀನಿನ ಬೆನ್ನು ಸೀಳಿ, ಮುಳ್ಳನ್ನು ಒಂದೇ ಎಳೆತಕ್ಕೆ ತೆಗೆದು ತಟ್ಟೆಗಿಟ್ಟರು. ನನ್ನ ಅಜ್ಜಿ ತೆಗೆಯುತ್ತಿದ್ದುದೂ ಹಾಗೇ. ಮಗಳು ತಿಂದಳು. ಇನ್ನೊಂದು ಸ್ವೀಡಿಷ್‌ನಲ್ಲಿ ಕೇಳಿದಳು. ಆಕೆಗೆ ಅರ್ಥವಾಗಲಿಲ್ಲ. ಮಗಳು ಒಂದು ಕ್ಷಣ ಯೋಚಿಸಿದಳು. ಈಕೆಗೆ ಸ್ವೀಡಿಷ್ ಬರುವುದಿಲ್ಲ, ಹಾಗಾದರೆ ತನ್ನ ಹತ್ತಿರ ಇರುವ ಇನ್ನೊಂದು ಭಾಷೆ ಬರಲೇಬೇಕು ಅಂತ ಅವಳ ಲೆಕ್ಕ ಇದ್ದಿರಬೇಕು. ತಟ್ಟೆ ಮುಂದೆ ತಳ್ಳಿ, ಸ್ಪಷ್ಟವಾಗಿ, “ಇನ್ನೊಂದ್ ಬೇಕ್” ಅಂದಳು.

ಒಂದು ವರ್ಷಕ್ಕೂ ಮೇಲೆ ಅವಳ ಬಾಯಿಂದ ನಾನು ಕೇಳಿದ ಮೊದಲ ಕನ್ನಡ. ಅದೂ ಬೆಂಗಳೂರಿನದಲ್ಲ, ನಮ್ಮ ಊರಿನದು. ಆ ಹೆಂಗಸಿಗೆ ಅದು ಪೂರ್ತಿ ಅರ್ಥವಾಯಿತು. ಇನ್ನೆರಡು ಮೀನು ಹಾಕಿದರು. “ಕಂಡ್ಯಾ, ಅವ್ರಿಗ್ ಗೊತ್ತಾತ್ತ್” ಅಂತ ಮಗಳು ನನ್ನ ಕಡೆ ತಿರುಗಿ ಹೇಳಿದಳು. ಅಲ್ಲಿದ್ದಷ್ಟು ದಿನವೂ ಹಳ್ಳಿಯವರೆಲ್ಲರ ಜೊತೆ ಅವಳು ಕುಂದಾಪುರದ ಕನ್ನಡವನ್ನೇ ಮಾತಾಡಿದಳು. ಅಂಗಡಿಯವನ ಹತ್ತಿರ, ಬೆಕ್ಕುಗಳ ಹತ್ತಿರ, ಬಲೆ ಸರಿಮಾಡುತ್ತಿದ್ದವರ ಹತ್ತಿರ. ಒಬ್ಬರೂ ಅರ್ಥವಾಗಲಿಲ್ಲ ಅನ್ನಲಿಲ್ಲ.

ಮಾರನೆಯ ದಿನ ಬಂಡೆಗೆ ಹೋದೆವು. ಟೀಚರಿಗೆ ಹತ್ತಲಾಗಲಿಲ್ಲ. “ನಾನು ಅದನ್ನ ಬೇಕಾದಷ್ಟು ನೋಡಿದೀನಿ” ಅಂತ ಗೆಳತಿಯ ಜೊತೆ ಕೆಳಗೆ ನೆರಳಿನಲ್ಲಿ ಉಳಿದರು. ಮೆಕ್ಯಾನಿಕ್ ಮುದುಕರು ಮಗಳ ಕೈಹಿಡಿದು ಹತ್ತಿಸಿದರು. ದೊಡ್ಡ ಕಲ್ಲುಗಳ ಕೋಟೆ ಗೋಡೆ ಒಂದಷ್ಟು ಉಳಿದಿತ್ತು. ಕಲ್ಲಿನ ಸಂದುಗಳಲ್ಲಿ ಕೆಂಪು ಗಸಗಸೆ ಹೂಗಳು. ಮೇಲೆ ನಿಂತರೆ ಎರಡೂ ಬದಿಗೆ ಸಮುದ್ರ. ಮುದುಕರು ಟೊಪ್ಪಿಗೆ ತೆಗೆದು ಬಹಳ ಹೊತ್ತು ನಿಂತರು. “ಅವಳಿಗೆ ಇಲ್ಲಿಗೆ ಬರಬೇಕು ಅಂತಿತ್ತು” ಅಂದರು. “ಬಂದಿದ್ದರೆ ಇಷ್ಟು ಗಾಳಿ ಅಂತ ಬೈಯುತ್ತಿದ್ದಳು.” ಆಮೇಲೆ ಮಗಳಿಗೆ ಹಡಗುಗಳು ಯಾವ ಕಡೆ ಹೋಗಿರಬಹುದು ಅಂತ ಬೆರಳು ಮಾಡಿ ತೋರಿಸಿದರು. ಅವಳು ಆ ಕಡೆಗೆ ಕೈಬೀಸಿದಳು.

ಅದರ ಮರುವರ್ಷ ನಾನು ಭಾಷೆಯ ಪರೀಕ್ಷೆ ಪಾಸಾದೆ. ಮುಂದೆ ಮೋಲ್ನ್‌ಡಾಲ್‌ನ ಔಷಧ ಸಂಶೋಧನಾಲಯದಲ್ಲಿ ಕೆಲಸ ಸಿಕ್ಕಿತು, ನನ್ನ ಗಂಡನೂ ಪಕ್ಕದ ಗೊಥೆನ್‌ಬರ್ಗ್‌ನಲ್ಲಿ ಕೆಲಸ ಹುಡುಕಿಕೊಂಡರು. ಮಂಗಳವಾರದ ಸಂಜೆಗಳು ಮುಗಿದವು. ಮಗಳು ಶಾಲೆಗೆ ಸೇರಿದ ಮೇಲೆ ಮತ್ತೆ ಸ್ವೀಡಿಷ್ ಹಿಡಿದಳು, ಆದರೆ ಕನ್ನಡವನ್ನು ಪೂರ್ತಿ ಬಿಡಲಿಲ್ಲ. ಏನಾದರೂ ಬೇಕಾದಾಗ ತಪ್ಪದೆ ಕನ್ನಡ ಬರುತ್ತದೆ.

ಟೀಚರ್ ಮಾತ್ರ ಆಮೇಲಿನಿಂದ ಪ್ರತಿ ವಸಂತಕ್ಕೂ ಟೋಲೊಗೆ ಹೋಗತೊಡಗಿದರು. ಮೊದಲು ಒಂದು ವಾರ, ಆಮೇಲೆ ಒಂದು ತಿಂಗಳು, ಕೊನೆಗೆ ಚಳಿಗಾಲವನ್ನೂ ಅಲ್ಲೇ ಕಳೆದರು, ಈಗಿನ ಗ್ರೀಕೂ ಬಾಯಿಗೆ ಹತ್ತಿತು. ಜೆರೇನಿಯಂ ಗಿಡಗಳನ್ನು ಮೆಕ್ಯಾನಿಕ್ ಮುದುಕರು ನೋಡಿಕೊಳ್ಳುತ್ತಿದ್ದರು. ಒಂದು ಭಾನುವಾರ ನಾನು ಮೋಲ್ನ್‌ಡಾಲ್‌ನಿಂದ ಟೋಲೊಗೆ ಫೋನ್ ಮಾಡಿದಾಗ ಆ ಕಡೆ ದೊಡ್ಡ ಗಲಾಟೆ ಕೇಳಿಸಿತು. ಇಬ್ಬರು ಹೆಂಗಸರು ಒಟ್ಟಿಗೇ ಗ್ರೀಕಿನಲ್ಲಿ ಕೂಗಾಡುತ್ತಿದ್ದರು.

“ಏನಾಯ್ತು ಟೀಚರ್? ಜಗಳವಾ?” ಅಂದೆ.

“ಹೌದು” ಅಂದರು ಅವರು, ಏದುಸಿರು ಬಿಡುತ್ತ, ಬಹಳ ಖುಷಿಯಲ್ಲಿ. “ಅವಳು ಸೂಪಿಗೆ ನಿಂಬೆ ಜಾಸ್ತಿ ಹಿಂಡಿದ್ದಾಳೆ. ಹೇಳಿದ್ರೆ ಒಪ್ಪಲ್ಲ. ಸ್ವಲ್ಪ ತಡಿ, ಇನ್ನೂ ಮುಗಿದಿಲ್ಲ.”

ಫೋನನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ನಾನು ಕಿವಿಗೆ ಹಿಡಿದುಕೊಂಡೇ ಕೂತೆ.